ಸಮೀಪದ ಚಿತ್ರಗಳಿಗೆ ಎಂತಹ ಮಸೂರ?

ಕಣ್ಣಿಗೆ ತೀರ ಹತ್ತಿರ ಹಿಡಿದ ವಸ್ತು ಸ್ಪಷ್ಟವಾಗಿ ಕಾಣುವುದಿಲ್ಲವೆಂಬುದು ಎಲ್ಲರ ಅನುಭವ. ಸಾಮಾನ್ಯ ದೃಷ್ಟಿಯುಳ್ಳ ವಯಸ್ಕರ ಕಣ್ಣು ಆಯಾಸವಿಲ್ಲದೆ ನೋಡಬಲ್ಲ ಅತಿ ಸಮೀಪದ ದೂರ ಸುಮಾರು 25 ಸೆಂಟಿಮೀಟರ್. ಕ್ಯಾಮರಾದ ಮಸೂರಕ್ಕೂ ಇಂತಹದೇ ಒಂದು ಮಿತಿಯುಂಟು. ಆ ಮಿತಿಯನ್ನು ದಾಟಿ, ಇರುವೆಯ ಮೀಸೆಯನ್ನೂ ಹೂವಿನ ಕೇಸರವನ್ನೂ ಚಿತ್ರಿಸುವುದಕ್ಕಾಗಿಯೇ ರಚಿತವಾದುದು ಮ್ಯಾಕ್ರೋ ಮಸೂರ.

ಇದರ ಉಪಯೋಗ ಬರಿಯ ವಿನೋದಕ್ಕೆ ಸೀಮಿತವಲ್ಲ. ವಿಜಯಪುರ ಜಿಲ್ಲೆಯ ಬಬಲೇಶ್ವರ ತಾಲ್ಲೂಕಿನ ಮಮದಾಪುರದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಆದಿಲಶಾಹಿ ಸುಲ್ತಾನ ಮಹಮ್ಮದನ ಆಳ್ವಿಕೆಯಲ್ಲಿ (1627–1656) ಕಟ್ಟಿಸಿದ ವಿಶಾಲವಾದ ಕೆರೆಯಿಂದ ಹೆಸರಾದ ಊರು ಇದು. ಕೆರೆಯ ದಂಡೆಯಲ್ಲಿ ಏರೋಪ್ಲೇನ್ ಚಿಟ್ಟೆಗಳು. ಸುತ್ತಲಿನ ಎರೆಯ ಹೊಲಗಳಲ್ಲಿ ಜೋಳ, ತೊಗರಿ. ಟಿಕೋಟಾ, ಬಬಲೇಶ್ವರದ ಸೀಮೆಯಲ್ಲಿ ದ್ರಾಕ್ಷಿಯ ತೋಟಗಳು. ದ್ರಾಕ್ಷಿಯ ಎಲೆಗೆ ಥ್ರಿಪ್ಸ್ ನುಸಿಯೂ ಬೀಳುವುದು, ಮೈಟ್ ನುಸಿಯೂ ಬೀಳುವುದು. ಹೆಸರಿನಲ್ಲಿ ಎರಡೂ ನುಸಿಗಳೇ. ಆದರೆ ಥ್ರಿಪ್ಸ್ ಆರು ಕಾಲುಗಳ ಕೀಟ. ಮೈಟ್ ಜೇಡನ ಬಳಗಕ್ಕೆ ಸೇರಿದ್ದು, ಬೆಳೆದ ಮೇಲೆ ಅದಕ್ಕೆ ಎಂಟು ಕಾಲು. ಒಂದನ್ನು ಕೊಲ್ಲುವ ಔಷಧಿ ಅನೇಕ ವೇಳೆ ಇನ್ನೊಂದಕ್ಕೆ ನಾಟುವುದಿಲ್ಲ. ಗುರುತು ತಪ್ಪಿದರೆ ಸಿಂಪಡಿಸಿದ ಹಣವೂ ಹಾಳು, ಬೆಳೆಯೂ ಹಾಳು. ದೂರದಲ್ಲಿರುವ ಕೃಷಿ ತಜ್ಞರಿಗೆ ಕಳುಹಿಸಿದ ಚಿತ್ರದಲ್ಲಿ ಕಾಲುಗಳನ್ನು ಎಣಿಸಲು ಬರುವಂತಿದ್ದರೆ ಅರ್ಧ ಪ್ರಶ್ನೆ ಬಗೆಹರಿದಂತೆಯೇ. ಹಾಗಾದರೆ ಅಂತಹ ಚಿತ್ರಕ್ಕೆ ಎಂತಹ ಮಸೂರ ಬೇಕು?

ವರ್ಧನೆಯ ಲೆಕ್ಕ

ಮೊದಲು ತಿಳಿಯಬೇಕಾದುದು ವರ್ಧನೆಯ ಪ್ರಮಾಣ. ಒಂದು ಸೆಂಟಿಮೀಟರ್ ಉದ್ದದ ಹುಳುವಿನ ಬಿಂಬ ಕ್ಯಾಮರಾದ ಸಂವೇದಕದ ಮೇಲೆ ಒಂದು ಸೆಂಟಿಮೀಟರ್ ಉದ್ದವಾಗಿಯೇ ಬಿದ್ದರೆ ಆ ಪ್ರಮಾಣವನ್ನು 1:1 ಎನ್ನುವರು. ಅರ್ಧ ಸೆಂಟಿಮೀಟರ್ ಬಿದ್ದರೆ 1:2. ನಿಜವಾದ ಮ್ಯಾಕ್ರೋ ಮಸೂರಗಳಲ್ಲಿ ಹೆಚ್ಚಿನವು 1:1 ಪ್ರಮಾಣವನ್ನು ಮುಟ್ಟುವುವು. ಅನೇಕ ಝೂಮ್ ಮಸೂರಗಳ ಮೇಲೆ ‘ಮ್ಯಾಕ್ರೋ’ ಎಂದು ಬರೆದಿದ್ದರೂ ಅವು 1:4ರ ಆಸುಪಾಸಿನಲ್ಲಿಯೇ ನಿಲ್ಲುತ್ತವೆ. ನಿಕಾನ್ ಸಂಸ್ಥೆ ತನ್ನ ಮ್ಯಾಕ್ರೋ ಮಸೂರಗಳನ್ನು ‘ಮೈಕ್ರೊ’ ಎಂದು ಕರೆಯುತ್ತದೆ. ಆದುದರಿಂದ ಕೊಳ್ಳುವವರು ಹೆಸರನ್ನು ನಂಬದೆ ಪ್ರಮಾಣವನ್ನು ನೋಡತಕ್ಕದ್ದು.

ಡಿಜಿಟಲ್ ಕ್ಯಾಮರಾದಲ್ಲಿ ಈ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬಹುದು. 36 ಮಿಲಿಮೀಟರ್ ಅಗಲದ ಸಂವೇದಕದಲ್ಲಿ ಅಡ್ಡಲಾಗಿ 6000 ಪಿಕ್ಸೆಲ್‌ಗಳಿದ್ದರೆ ಒಂದೊಂದರ ಅಗಲ ಮಿಲಿಮೀಟರಿನ ಸಾವಿರದ ಆರು ಭಾಗ. 1:1 ಪ್ರಮಾಣದಲ್ಲಿ ಒಂದು ಮಿಲಿಮೀಟರ್ ಉದ್ದದ ಥ್ರಿಪ್ಸ್ ಇಂತಹ ಸುಮಾರು 167 ಪಿಕ್ಸೆಲ್‌ಗಳನ್ನು ಆವರಿಸುವುದು. ಅಷ್ಟೇ ಪಿಕ್ಸೆಲ್‌ಗಳನ್ನು 23.5 ಮಿಲಿಮೀಟರ್ ಅಗಲದ ಚಿಕ್ಕ ಸಂವೇದಕದಲ್ಲಿ ಅಡಕಿಸಿದ್ದರೆ ಅದೇ ಕೀಟಕ್ಕೆ ಸುಮಾರು 255 ಪಿಕ್ಸೆಲ್‌ಗಳು ದೊರೆಯುವುವು. ದೊಡ್ಡ ಸಂವೇದಕದ ದುಬಾರಿ ಕ್ಯಾಮರಾ ಎಲ್ಲ ಕೆಲಸಕ್ಕೂ ಮೇಲೆಂಬ ಭಾವನೆ ಇಲ್ಲಿ ಸರಿಯಾಗದು.

ದೂರದ ಪ್ರಶ್ನೆ

50 ಮಿಲಿಮೀಟರ್ ಸಂಗಮದೂರದ ಮಸೂರಕ್ಕಿಂತ 100 ಮಿಲಿಮೀಟರಿನದು ಚಿತ್ರವನ್ನು ಇಮ್ಮಡಿ ದೊಡ್ಡದಾಗಿಸುವುದೆಂದು ಹಲವರು ತಿಳಿಯುತ್ತಾರೆ. ಎರಡೂ 1:1 ಮುಟ್ಟುವ ಮಸೂರಗಳಾದರೆ ಬಿಂಬದ ಗಾತ್ರ ಒಂದೇ. ವ್ಯತ್ಯಾಸವಾಗುವುದು ವಸ್ತುವಿಗೂ ಮಸೂರಕ್ಕೂ ನಡುವಣ ಅಂತರ. ಶಾಲೆಯಲ್ಲಿ ಕಲಿತ ಮಸೂರದ ಸೂತ್ರವನ್ನು ನೆನೆಯಿರಿ: ವಸ್ತು ಸಂಗಮದೂರದ ಎರಡರಷ್ಟು ದೂರದಲ್ಲಿದ್ದಾಗ ಬಿಂಬವೂ ಅಷ್ಟೇ ದೂರದಲ್ಲಿ ಅಷ್ಟೇ ಗಾತ್ರದಲ್ಲಿ ಮೂಡುವುದು. ಸಂಗಮದೂರ ಹೆಚ್ಚಿದಂತೆ ವಸ್ತುವಿನಿಂದ ದೂರ ನಿಲ್ಲಬಹುದು.

ಇಂದಿನ ಮಸೂರಗಳ ಒಳರಚನೆ ಜಟಿಲವಾದುದರಿಂದ, ಹತ್ತಿರಕ್ಕೆ ಹೊಂದಿಸಿದಾಗ ಅನೇಕವುಗಳ ಸಂಗಮದೂರವೇ ಕುಗ್ಗುವುದು. ಹೀಗಾಗಿ 1:1 ಪ್ರಮಾಣದಲ್ಲಿ ಮಸೂರದ ಮುಂತುದಿಯಿಂದ ವಸ್ತುವಿಗೆ ಉಳಿಯುವ ಜಾಗ 60 ಮಿಲಿಮೀಟರಿನ ಮಸೂರಗಳಲ್ಲಿ ಸುಮಾರು 5 ಸೆಂಟಿಮೀಟರ್, 100ರವುಗಳಲ್ಲಿ ಸುಮಾರು 14, 200ರವುಗಳಲ್ಲಿ ಸುಮಾರು 25 ಸೆಂಟಿಮೀಟರ್ ಮಾತ್ರ. ಐದು ಸೆಂಟಿಮೀಟರಿನಷ್ಟು ಸಮೀಪಿಸಿದರೆ ಮಸೂರದ ನೆರಳೇ ಹುಳುವಿನ ಮೇಲೆ ಬೀಳುವುದು. ಹುಳು ಹೆದರಿ ಹಾರಿಹೋಗುವುದು. ಆದರೆ ಹಳೆಯ ನಾಣ್ಯ, ಒಣಗಿಸಿದ ಎಲೆ, ಅಂಚೆಚೀಟಿ ಇವು ಹಾರಿಹೋಗುವುದಿಲ್ಲ. ಅವುಗಳಿಗೆ ಚಿಕ್ಕದಾದ, ಹಗುರವಾದ 60ರ ಮಸೂರವೇ ಅನುಕೂಲ.

ಸ್ಪಷ್ಟತೆಯ ಆಳ

ಸಮೀಪ ಚಿತ್ರಣದ ದೊಡ್ಡ ತೊಡಕು ಸ್ಪಷ್ಟತೆಯ ಆಳ, ಅಂದರೆ ಹಿಂದೆ ಮುಂದೆ ಎಷ್ಟು ಭಾಗ ಚೊಕ್ಕವಾಗಿ ಮೂಡುವುದೆಂಬ ಅಳತೆ. ದೊಡ್ಡ ಸಂವೇದಕದ ಕ್ಯಾಮರಾದಲ್ಲಿ 1:1 ಪ್ರಮಾಣ, ಎಫ್-8ರ ದ್ಯುತಿರಂಧ್ರ ಇಟ್ಟರೆ ಈ ಆಳ ಹೆಚ್ಚುಕಡಿಮೆ ಒಂದು ಮಿಲಿಮೀಟರ್. 1:2ಕ್ಕೆ ಇಳಿದರೆ ಸುಮಾರು ಮೂರು ಮಿಲಿಮೀಟರ್. ಇದು ಅವಲಂಬಿಸಿರುವುದು ವರ್ಧನೆ ಮತ್ತು ದ್ಯುತಿರಂಧ್ರಗಳನ್ನು, ಮಸೂರದ ಸಂಗಮದೂರವನ್ನಲ್ಲ. ಮಸೂರ ಬದಲಾಯಿಸಿ ಆಳವನ್ನು ಗಳಿಸುವ ಆಸೆ ವ್ಯರ್ಥ.

ಹಾಗೆಂದು ದ್ಯುತಿರಂಧ್ರವನ್ನು ಬೇಕಾದಷ್ಟು ಕಿರಿದುಗೊಳಿಸುವಂತೆಯೂ ಇಲ್ಲ. 1:1 ಪ್ರಮಾಣದಲ್ಲಿ ಎಫ್-8 ಎಂಬುದು ಬೆಳಕಿನ ಲೆಕ್ಕದಲ್ಲಿ ಎಫ್-16ರಂತೆ ವರ್ತಿಸುವುದು. ಸಂವೇದಕಕ್ಕೆ ತಲಪುವ ಬೆಳಕು ಕಾಲುಭಾಗಕ್ಕೆ ಇಳಿಯುವುದು. ಎಫ್-16ಕ್ಕೆ ಹೋದರೆ ಅದು ಎಫ್-32ಕ್ಕೆ ಸಮನಾಗಿ, ಬೆಳಕಿನ ವಿವರ್ತನೆಯಿಂದ ಇಡೀ ಚಿತ್ರವೇ ಮಸುಕಾಗುವುದು. ಎಫ್-8ರಿಂದ ಎಫ್-11ರವರೆಗಿನ ನೆಲೆ ಸಾಮಾನ್ಯವಾಗಿ ಕ್ಷೇಮ. ಕೀಟದ ಬೆನ್ನಿಗೆ ಸಮಾನಾಂತರವಾಗಿ ಕ್ಯಾಮರಾ ಹಿಡಿಯುವುದು, ಸ್ಥಿರ ವಸ್ತುವಾದರೆ ಬೇರೆ ಬೇರೆ ಆಳಗಳಲ್ಲಿ ತೆಗೆದ ಚಿತ್ರಗಳನ್ನು ಗಣಕದಲ್ಲಿ ಜೋಡಿಸುವುದು ಉಳಿದ ಉಪಾಯಗಳು.

ಅಲ್ಪ ವೆಚ್ಚದ ದಾರಿಗಳು

ವಿದ್ಯಾರ್ಥಿಗಳು ಹಣ ಹೂಡುವ ಮೊದಲು ಇವನ್ನು ಪರೀಕ್ಷಿಸಬಹುದು. ಎಕ್ಸ್‌ಟೆನ್ಷನ್ ಟ್ಯೂಬ್ ಎಂಬುದು ಗಾಜಿಲ್ಲದ ಟೊಳ್ಳು ನಳಿಗೆ; ಕ್ಯಾಮರಾಕ್ಕೂ ಮಸೂರಕ್ಕೂ ನಡುವೆ ಕೂಡುವುದು. ನಳಿಗೆಯ ಉದ್ದವನ್ನು ಸಂಗಮದೂರದಿಂದ ಭಾಗಿಸಿದರೆ ಹೆಚ್ಚುವ ವರ್ಧನೆ ತಿಳಿಯುವುದು. 50ರ ಸಾಮಾನ್ಯ ಮಸೂರಕ್ಕೆ 25 ಮಿಲಿಮೀಟರಿನ ನಳಿಗೆ ಸೇರಿಸಿದರೆ 1:2. 50ರದನ್ನು ಸೇರಿಸಿದರೆ 1:1. ಮಸೂರವನ್ನು ಹಿಂದುಮುಂದಾಗಿ ತಿರುಗಿಸಿ ಜೋಡಿಸುವ ಉಂಗುರವೂ ಉಂಟು. ಮೊಬೈಲಿನ ಮುಂದೆ ಸಿಕ್ಕಿಸುವ ಪುಟ್ಟ ಮಸೂರವೂ ಎಲೆಯ ಮೇಲಣ ಹಿಟ್ಟು ತಿಗಣೆಯನ್ನು ಗುರುತಿಸುವಷ್ಟು ತೋರಿಸಬಲ್ಲುದು.

ಆಯ್ಕೆ

ಒಂದೇ ಮಸೂರವನ್ನು ಕೊಳ್ಳಲು ಶಕ್ತರಾದವರಿಗೆ 90ರಿಂದ 105 ಮಿಲಿಮೀಟರ್ ಒಳಗಿನ ಮ್ಯಾಕ್ರೋ ಮಸೂರ ತಕ್ಕದ್ದು. 180–200ರ ಮಸೂರಗಳು ಭಾರ, ಬೆಲೆಯೂ ಹೆಚ್ಚು, ಮುಕ್ಕಾಲಿ ಪೀಠವಿಲ್ಲದೆ ನಡುಗುವುವು. ಮಮದಾಪುರದ ಕೆರೆಯಂಚಿನ ಏರೋಪ್ಲೇನ್ ಚಿಟ್ಟೆಗೆ ಅದು ಬೇಕೇ ಬೇಕೆಂದೇನೂ ಇಲ್ಲ. ಐದು ಸೆಂಟಿಮೀಟರ್ ಉದ್ದದ ಜೀವಿಗೆ 1:2 ಪ್ರಮಾಣವೇ ಸಾಕು. ದೂರದ ಚಿತ್ರಗಳಿಗೆ ಬಳಸುವ ಮಸೂರಕ್ಕೆ ಒಂದು ನಳಿಗೆ ಜೋಡಿಸಿದರೆ ಕೆಲಸ ಕೈಗೂಡುವುದು.

ಇನ್ನು ದ್ರಾಕ್ಷಿ ಎಲೆಯ ಪ್ರಶ್ನೆ. ಒಂದು ಮಿಲಿಮೀಟರಿನ ಥ್ರಿಪ್ಸ್ 1:1ರಲ್ಲಿ ಗುರುತು ಹಿಡಿಯುವಷ್ಟು ಮೂಡುವುದು. ಮೈಟ್ ಅರ್ಧ ಮಿಲಿಮೀಟರನ್ನೂ ಮೀರದಷ್ಟು ಕಿರಿದು. ಅದರ ಕಾಲೆಣಿಸಲು ಮ್ಯಾಕ್ರೋ ಮಸೂರದ ಹಿಂದೆ ನಳಿಗೆಯನ್ನೂ ಸೇರಿಸಬೇಕು, ಇಲ್ಲವೇ ಕಾಲೇಜಿನ ಸೂಕ್ಷ್ಮದರ್ಶಕದ ಮೊರೆಹೋಗಬೇಕು. ಆದುದರಿಂದ ಅಂಗಡಿಗೆ ಹೋಗುವ ಮೊದಲು ಕೇಳಿಕೊಳ್ಳಬೇಕಾದುದು ಯಾವ ಮಸೂರ ಶ್ರೇಷ್ಠವೆಂಬ ಪ್ರಶ್ನೆಯನ್ನಲ್ಲ. ತಾನು ನೋಡಬೇಕೆಂದಿರುವ ಜೀವಿ ಎಷ್ಟು ದೊಡ್ಡದು, ತನ್ನನ್ನು ಎಷ್ಟು ಹತ್ತಿರ ಬಿಟ್ಟುಕೊಳ್ಳುವುದು ಎಂಬ ಎರಡು ಪ್ರಶ್ನೆಗಳನ್ನು. ಉತ್ತರ ಒಂದು ಅಳತೆಪಟ್ಟಿಯಿಂದ ದೊರೆಯುವುದು.