ಕತ್ತಿನ ಸಂಧಿವಾತವೂ ಅದರ ಚಿಕಿತ್ಸೆಯೂ

ನಡುವಯಸ್ಸು ದಾಟಿದವರಿಗೆ ಕತ್ತು ನೋವೆಂದರೇನೆಂದು ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ. ಬೆಳಿಗ್ಗೆ ಎದ್ದೊಡನೆ ಕತ್ತು ಹೊರಳದೆ ಇಡೀ ಮೈಯನ್ನೇ ಹೊರಳಿಸಿ ಹಿಂದೆ ನೋಡುವುದು, ಹೆಗಲುಗಳ ನಡುವೆ ಸೆಳೆತ, ಸಂಜೆಯ ಹೊತ್ತಿಗೆ ಹಿಂದಲೆಯಲ್ಲಿ ಭಾರ, ಇವು ಬಹು ಮಂದಿಗೆ ಪರಿಚಿತವಾದವು. ನಮ್ಮ ಹೈದರಾಬಾದಿನಲ್ಲಿ ಇದಕ್ಕೆ ಒಂದು ಚಿಕ್ಕ ಹೆಸರೂ ಇದೆ: "ನನಗೆ ಸರ್ವೈಕಲ್ ಇದೆ" ಎನ್ನುತ್ತಾರೆ. ಸರ್ವೈಕಲ್ ಎಂದರೆ ಕತ್ತಿಗೆ ಸಂಬಂಧಪಟ್ಟದ್ದು ಎಂದಷ್ಟೇ ಅರ್ಥ. ಕತ್ತು ಎಲ್ಲರಿಗೂ ಉಂಟು! ವೈದ್ಯರು ಚೀಟಿಯಲ್ಲಿ ಬರೆಯುವ ಪೂರ್ಣ ಹೆಸರು ಸರ್ವೈಕಲ್ ಸ್ಪಾಂಡಿಲೋಸಿಸ್. ಕತ್ತಿನ ಮೂಳೆಗಳ ಸವೆತ, ಕತ್ತಿನ ಸಂಧಿವಾತ ಎಂದು ನಾವು ಹೇಳಬಹುದು.

ಕತ್ತಿನಲ್ಲಿ ಏಳು ಮಣಿಮೂಳೆಗಳಿವೆ. ಮೇಲಿನ ಎರಡನ್ನು ಬಿಟ್ಟರೆ ಉಳಿದವುಗಳ ನಡುವೆ ಮೆತ್ತೆಯಂತಹ ಬಿಲ್ಲೆಗಳಿವೆ. ಹಿಂಬದಿಯಲ್ಲಿ ಎರಡು ಪಕ್ಕಕ್ಕೂ ಸಣ್ಣ ಸಣ್ಣ ಕೀಲುಗಳಿವೆ. ಇವುಗಳ ಮೇಲೆ ಸುಮಾರು ಐದು ಕಿಲೋ ತೂಕದ ತಲೆ ಹಗಲೆಲ್ಲ ಕುಳಿತಿರುತ್ತದೆ. ವಯಸ್ಸಾದಂತೆ ಬಿಲ್ಲೆಯಲ್ಲಿನ ನೀರಿನಂಶ ಕಡಮೆಯಾಗಿ ಅದು ತೆಳುವಾಗುತ್ತದೆ, ಅಂಚಿಗೆ ಉಬ್ಬುತ್ತದೆ. ಮಣಿಗಳ ಅಂಚಿನಲ್ಲಿ ಮುಳ್ಳಿನಂತೆ ಹೊಸ ಮೂಳೆ ಬೆಳೆಯುತ್ತದೆ. ಕೀಲಿನ ನುಣುಪು ಹೋಗುತ್ತದೆ. ಕೂದಲು ನರೆಯುವ ಹಾಗೆಯೇ ಇದು ಕೂಡ.

ಇಲ್ಲಿ ಓದುಗರು ಮುಖ್ಯವಾಗಿ ಗಮನಿಸಬೇಕಾದ ಒಂದು ವಿಷಯವುಂಟು. ಚಿತ್ರದಲ್ಲಿ ಕಾಣುವ ಸವೆತಕ್ಕೂ ಅನುಭವಿಸುವ ನೋವಿಗೂ ನೇರವಾದ ಸಂಬಂಧವಿಲ್ಲ. ಜಪಾನಿನಲ್ಲಿ ಕತ್ತು ನೋವೇ ಇಲ್ಲದ ಸುಮಾರು ಐನೂರು ಜನರ ಕತ್ತಿನ ಎಂ.ಆರ್.ಐ. ತೆಗೆದು 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರುವತ್ತು ದಾಟಿದವರಲ್ಲಿ ನೂರಕ್ಕೆ ಎಂಬತ್ತೈದಕ್ಕಿಂತಲೂ ಹೆಚ್ಚು ಮಂದಿಗೆ ಬಿಲ್ಲೆ ಸವೆದಿತ್ತು. ಅದೇ ದೇಶದಲ್ಲಿ 1,211 ಆರೋಗ್ಯವಂತರನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಮತ್ತೊಂದು ವರದಿಯಲ್ಲಿ ನೂರಕ್ಕೆ 87.6 ಮಂದಿಗೆ ಬಿಲ್ಲೆ ಉಬ್ಬಿತ್ತು. ಅವರೆಲ್ಲ ನೋವಿಲ್ಲದೆ ತಮ್ಮ ಕೆಲಸ ಮಾಡಿಕೊಂಡಿದ್ದವರು. ಆದುದರಿಂದ ವರದಿಯಲ್ಲಿ "ಸವೆತ", "ಉಬ್ಬು", "ಮುಳ್ಳು" ಎಂಬ ಮಾತುಗಳನ್ನು ಓದಿದೊಡನೆ ಎದೆಗುಂದಬೇಕಾಗಿಲ್ಲ. ಚಿತ್ರವನ್ನು ನೋಡಿ ಚಿಕಿತ್ಸೆ ಮಾಡುವವರಿಗಿಂತ ರೋಗಿಯನ್ನು ಮುಟ್ಟಿ ನೋಡಿ, ಕೈಯ ಬಲ ಪರೀಕ್ಷಿಸಿ, ಆಮೇಲೆ ಚಿತ್ರವನ್ನು ಕೈಗೆತ್ತಿಕೊಳ್ಳುವ ವೈದ್ಯರೇ ಮೇಲು.

ತಲೆಸುತ್ತಿನ ವಿಷಯವನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ತಲೆ ಸುತ್ತಿದರೆ ಅದಕ್ಕೆ ಕತ್ತೇ ಕಾರಣವೆಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಹಾಸಿಗೆಯಲ್ಲಿ ಹೊರಳಿದಾಗ ಕೋಣೆಯೆಲ್ಲ ಗಿರ್ರನೆ ತಿರುಗಿದಂತಾದರೆ ಅದು ಬಹುಮಟ್ಟಿಗೆ ಒಳಕಿವಿಯ ತೊಂದರೆ. ಕಿವಿಯ ವೈದ್ಯರು ತಲೆಯನ್ನು ಒಂದು ಕ್ರಮದಲ್ಲಿ ಹೊರಳಿಸಿ ಅನೇಕ ವೇಳೆ ಒಂದೆರಡು ಭೇಟಿಗಳಲ್ಲಿಯೇ ಅದನ್ನು ಗುಣಪಡಿಸುತ್ತಾರೆ. ಅದಕ್ಕಾಗಿ ತಿಂಗಳುಗಟ್ಟಲೆ ಕತ್ತಿಗೆ ಪಟ್ಟಿ ಕಟ್ಟಿಕೊಂಡು ಓಡಾಡುವವರನ್ನು ಕಂಡರೆ ಅಯ್ಯೋ ಎನಿಸುತ್ತದೆ.

ಹಾಗಾದರೆ ಯಾವುದಕ್ಕೆ ಹೆದರಬೇಕು? ಮಣಿಗಳ ಒಳಗಿನ ಕಾಲುವೆಯಲ್ಲಿ ಮಿದುಳುಬಳ್ಳಿ ಇಳಿದುಬರುತ್ತದೆ. ಸವೆತದಿಂದ ಕಾಲುವೆ ಕಿರಿದಾಗಿ ಮಿದುಳುಬಳ್ಳಿಯೇ ಒತ್ತಲ್ಪಟ್ಟರೆ ಅದು ನಿಜವಾದ ಅಪಾಯ. ವಿಚಿತ್ರವೆಂದರೆ ಆಗ ನೋವು ಹೆಚ್ಚಾಗಿ ಇಲ್ಲದಿರಲೂಬಹುದು. ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುವುದು, ಅಕ್ಷರ ಕೆಡುವುದು, ಅನ್ನ ಕಲಸುವಾಗ ಕೈ ಹಿಡಿತ ತಪ್ಪುವುದು, ನಡೆಯುವಾಗ ಕಾಲು ಬಿಗಿದಂತೆ ತೂರಾಡುವುದು, ಮೂತ್ರದ ಮೇಲೆ ಹತೋಟಿ ತಪ್ಪುವುದು, ಇವು ಕಂಡರೆ ತಡಮಾಡದೆ ನರರೋಗದ ಅಥವಾ ಮೂಳೆಯ ತಜ್ಞರನ್ನು ನೋಡಬೇಕು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಬಿದ್ದು ಪೆಟ್ಟಾದ ಬಳಿಕದ ನೋವು, ರಾತ್ರಿ ಮಲಗಿದರೂ ಬಿಡದ ನೋವು ಇವುಗಳಲ್ಲಿಯೂ ಹಾಗೆಯೇ. ನಮ್ಮ ದೇಶದಲ್ಲಿ ಮೂಳೆಯ ಕ್ಷಯವನ್ನು ಮರೆಯುವ ಹಾಗಿಲ್ಲ. ಪಂಜಗುಟ್ಟದಲ್ಲಿ ಇಂದು ನಿಮ್ಸ್ ಎಂದು ಎಲ್ಲರೂ ಕರೆಯುವ ದೊಡ್ಡ ಆಸ್ಪತ್ರೆ 1964ರಲ್ಲಿ ಆರಂಭವಾದುದು ನಿಜಾಮರ ಹೆಸರಿನ ಮೂಳೆಯ ಆಸ್ಪತ್ರೆಯಾಗಿಯೇ. ಅಲ್ಲಿ ಸರದಿ ಉದ್ದವೆಂಬುದು ನಿಜ. ಆದರೂ ಮೇಲಿನ ಲಕ್ಷಣಗಳಿರುವವರು ಸರದಿಗೆ ಅಂಜಿ ಮನೆಯಲ್ಲಿ ಕುಳಿತಿರಬಾರದು.

ಇನ್ನು ಅಪಾಯವಿಲ್ಲದ, ಆದರೆ ನೆಮ್ಮದಿ ಕೆಡಿಸುವ ಸಾಮಾನ್ಯ ನೋವಿನ ಮಾತು. ಇದಕ್ಕೆ ಮಾತ್ರೆಯೇ ಮೊದಲ ಮದ್ದೆಂದು ಬಹು ಮಂದಿ ಭಾವಿಸಿದ್ದಾರೆ. ಔಷಧದಂಗಡಿಗೆ ಹೋಗಿ "ನೋವಿನ ಮಾತ್ರೆ ಕೊಡಿ" ಎಂದರೆ ಡೈಕ್ಲೋಫೆನಾಕ್ ಸೇರಿದ ಮಾತ್ರೆಯನ್ನು ಕತ್ತರಿಸಿ ಕೊಡುತ್ತಾರೆ. ನಾಲ್ಕೈದು ದಿನಕ್ಕೆ ಅದು ಒಳ್ಳೆಯ ಔಷಧವೇ. ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ರಕ್ತದ ಒತ್ತಡದ ಏರಿಕೆ, ಮೂತ್ರಪಿಂಡಕ್ಕೆ ಹಾನಿ, ಹೃದಯಾಘಾತದ ಸಂಭವ ಇವೆಲ್ಲ ಇವೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಿಗಂತೂ ಎಚ್ಚರ ಇಮ್ಮಡಿಯಾಗಿರಬೇಕು. ನಮ್ಮ ಊರುಗಳ ಆಕಾಶದಿಂದ ರಣಹದ್ದುಗಳು ಕಾಣೆಯಾದುದಕ್ಕೆ ದನಗಳಿಗೆ ಕೊಟ್ಟ ಇದೇ ಡೈಕ್ಲೋಫೆನಾಕ್ ಕಾರಣವೆಂದು 2004ರಲ್ಲಿ ಗೊತ್ತಾಗಿ, 2006ರಲ್ಲಿ ಭಾರತ ಸರ್ಕಾರ ಪಶುಗಳಿಗೆ ಅದನ್ನು ಕೊಡದಂತೆ ತಡೆಯಿತು. ಸತ್ತ ದನದ ಮಾಂಸ ತಿಂದ ಹಕ್ಕಿಗಳ ಮೂತ್ರಪಿಂಡ ಕೆಟ್ಟಿತ್ತು. ಮನುಷ್ಯನ ದೇಹ ಹದ್ದಿನದಲ್ಲ, ನಿಜ; ಆದರೂ ಮಾತ್ರೆ ನುಂಗುವಾಗ ಆ ಹಕ್ಕಿಗಳನ್ನು ನೆನೆದರೆ ತಪ್ಪಿಲ್ಲ. ಅದೇ ಜಾತಿಯ ರೋಫೆಕಾಕ್ಸಿಬ್ ಎಂಬ ಔಷಧವನ್ನು ಹೃದಯದ ತೊಂದರೆಯ ಕಾರಣದಿಂದ 2004ರಲ್ಲಿ ಜಗತ್ತಿನಾದ್ಯಂತ ಮಾರುಕಟ್ಟೆಯಿಂದ ಹಿಂತೆಗೆದರು. ಪ್ಯಾರಸಿಟಮಾಲ್ ಹೊಟ್ಟೆಗೆ ಸೌಮ್ಯ, ಆದರೆ ಕತ್ತಿನ ನೋವಿಗೆ ಅದರ ಬಲ ಅಷ್ಟಕ್ಕಷ್ಟೆ. ತೋಳಿನಲ್ಲಿ ಜುಮುಜುಮು, ಉರಿ ಇದ್ದರೆ ವೈದ್ಯರು ಪ್ರೆಗಾಬಲಿನ್ ಮುಂತಾದ ನರದ ಮಾತ್ರೆ ಬರೆಯುವುದುಂಟು. ಅವುಗಳಿಂದ ಮಂಪರು ಬರುವುದರಿಂದ ವಾಹನ ನಡೆಸುವವರು, ಮುದುಕರು ಜೋಪಾನವಾಗಿರಬೇಕು.

ಮಾತ್ರೆಗಿಂತ ಹೆಚ್ಚು ಕಾಲ ನಿಲ್ಲುವುದು ವ್ಯಾಯಾಮ. ಬೇಸರದ ಕೆಲಸವೆಂದು ಜನ ಅದನ್ನು ಬಿಡುತ್ತಾರೆ. ಅಂಗೈಯನ್ನು ಹಣೆಗೆ ಒತ್ತಿ, ಹಣೆಯಿಂದ ಅಂಗೈಯನ್ನು ಮೆಲ್ಲಗೆ ತಳ್ಳುವುದು, ತಲೆ ಅಲುಗಬಾರದು. ಐದು ಎಣಿಸುವಷ್ಟು ಹೊತ್ತು ಹಿಡಿದು ಬಿಡುವುದು. ಹೀಗೆಯೇ ಹಿಂದಲೆಗೂ ಎರಡು ಪಕ್ಕಕ್ಕೂ. ಗದ್ದವನ್ನು ಕೆಳಗೆ ಬಗ್ಗಿಸದೆ ನೇರವಾಗಿ ಹಿಂದಕ್ಕೆ ಎಳೆದುಕೊಳ್ಳುವುದು ಇನ್ನೊಂದು. ಹೆಗಲನ್ನು ಹಿಂದಕ್ಕೆ ಸುತ್ತಿಸುವುದು ಮತ್ತೊಂದು. ಮೊದಲ ಸಲ ಫಿಸಿಯೋಥೆರಪಿ ಬಲ್ಲವರಿಂದ ಕಲಿತರೆ ಆಮೇಲೆ ಮನೆಯಲ್ಲಿಯೇ ಸಾಗುತ್ತದೆ. ಫಲ ಕಾಣಲು ಆರೆಂಟು ವಾರಗಳಾದರೂ ಬೇಕು. ತೋಳಿಗೆ ನೋವು ಹರಿದರೆ ಅಂದಿಗೆ ನಿಲ್ಲಿಸಬೇಕು. ಬಿಸಿನೀರಿನ ಚೀಲದ ಶಾಖ, ಒಂದೇ ತೆಳುವಾದ ದಿಂಬು, ದಿನಕ್ಕೆ ಅರ್ಧ ಗಂಟೆ ನಡಿಗೆ, ಇವು ಇದಕ್ಕೆ ಜೊತೆ. ಕತ್ತಿನ ಪಟ್ಟಿಯನ್ನು ನೋವು ತೀವ್ರವಾದ ಕೆಲವು ದಿನ ಮಾತ್ರ ಕಟ್ಟಬಹುದು. ಬಹುಕಾಲ ಕಟ್ಟಿದರೆ ಸ್ನಾಯುಗಳು ಸೋಮಾರಿಯಾಗಿ ಸೊರಗುತ್ತವೆ.

ಓದುವ ಭಂಗಿಯ ಬಗ್ಗೆ ವಾಚನಾಲಯದ ಪತ್ರಿಕೆಯಲ್ಲಿ ಎರಡು ಮಾತು ಹೇಳದಿರಲಾದೀತೇ? ಹಳೆಯ ವಾಚನಾಲಯಗಳಲ್ಲಿ ವೃತ್ತಪತ್ರಿಕೆ ಹರಡಲು ಇಳಿಜಾರಾದ ಹಲಗೆಗಳಿರುತ್ತಿದ್ದವು. ಅವು ಪತ್ರಿಕೆಯನ್ನು ಕಣ್ಣಿನ ಎತ್ತರಕ್ಕೆ ತರುತ್ತಿದ್ದವು. ಕತ್ತಿನ ಹಿತಕ್ಕೆ ಅದಕ್ಕಿಂತ ಒಳ್ಳೆಯ ಮೇಜು ಇನ್ನೂ ಬಂದಿಲ್ಲವೆಂದೇ ನನ್ನ ಅಭಿಪ್ರಾಯ. ತಲೆಯನ್ನು ಅರುವತ್ತು ಡಿಗ್ರಿ ಬಗ್ಗಿಸಿದರೆ ಕತ್ತಿನ ಮೇಲೆ ಸುಮಾರು 27 ಕಿಲೋ ಭಾರ ಬೀಳುತ್ತದೆಂದು 2014ರಲ್ಲಿ ಅಮೆರಿಕದ ಶಸ್ತ್ರವೈದ್ಯರೊಬ್ಬರು ಲೆಕ್ಕ ಹಾಕಿದರು. ಅದು ಗಣಿತದ ಲೆಕ್ಕವೇ ಹೊರತು ಅಳೆದು ನೋಡಿದ್ದಲ್ಲ. ಆದರೂ ಮೊಬೈಲು ಹಿಡಿದು ಮಡಿಲೊಳಗೆ ಮುಖ ಹುದುಗಿಸಿ ಕುಳಿತವರು ಅರ್ಧ ಗಂಟೆಗೊಮ್ಮೆ ಎದ್ದು ಓಡಾಡುವುದು ಲೇಸು.

ನಮ್ಮ ನಗರದಲ್ಲಿ ಬೇರೆ ಪದ್ಧತಿಗಳಿಗೂ ಕೊರತೆಯಿಲ್ಲ. ಚಾರ್‌ಮಿನಾರಿನ ಬಳಿಯ ನಿಜಾಮಿಯಾ ಯುನಾನಿ ಆಸ್ಪತ್ರೆಗೂ ಎರ್ರಗಡ್ಡದ ಸರ್ಕಾರಿ ಆಯುರ್ವೇದ ಆಸ್ಪತ್ರೆಗೂ ಹೋಗುವವರು ಬಹಳ. ಎಣ್ಣೆಯ ಶಾಖದಿಂದ ಬಿಗಿದ ಸ್ನಾಯು ಸಡಿಲವಾಗಿ ಹಿತವೆನಿಸುವುದು ಸಹಜ. ಸವೆದ ಬಿಲ್ಲೆ ಅದರಿಂದ ಮತ್ತೆ ತುಂಬಿಕೊಳ್ಳುವುದಿಲ್ಲ. ಹೆಸರು, ವಿಳಾಸ ಯಾವುದೂ ಇಲ್ಲದ ಪೊಟ್ಟಣದ ಪುಡಿಯನ್ನು ಮಾತ್ರ ಮುಟ್ಟಬಾರದು. ಎರಡೇ ದಿನದಲ್ಲಿ ನೋವೆಲ್ಲ ಮಾಯವಾಯಿತೆಂದರೆ ಅದರಲ್ಲಿ ಸ್ಟಿರಾಯ್ಡ್ ಬೆರೆತಿದೆಯೇ ಎಂದು ಸಂಶಯಪಡಬೇಕು.

ಎಲ್ಲಕ್ಕಿಂತ ಕೆಟ್ಟದ್ದು ಕ್ಷೌರದ ಅಂಗಡಿಯಲ್ಲಿ ಚಂಪಿ ಮುಗಿಸಿ ಕತ್ತನ್ನು ಲಟಕ್ಕೆಂದು ತಿರುಚಿಸಿಕೊಳ್ಳುವ ಅಭ್ಯಾಸ. ಕತ್ತಿನ ಮಣಿಗಳ ರಂಧ್ರಗಳ ಮೂಲಕವೇ ಮಿದುಳಿಗೆ ಎರಡು ರಕ್ತನಾಳಗಳು ಏರುತ್ತವೆ. ತಟ್ಟನೆ ತಿರುಚಿದರೆ ಅವುಗಳ ಒಳಪದರ ಹರಿದು ಪಾರ್ಶ್ವವಾಯು ಬಡಿಯಬಹುದು. 2022ರಲ್ಲಿ ಹೈದರಾಬಾದಿನಲ್ಲಿಯೇ ಐವತ್ತರ ವಯಸ್ಸಿನ ಮಹಿಳೆಯೊಬ್ಬರಿಗೆ ಸಲೂನಿನಲ್ಲಿ ಕತ್ತನ್ನು ಹಿಂದಕ್ಕೆ ಚಾಚಿ ತಲೆ ತೊಳೆಯುವಾಗ ಇಂತಹ ಆಘಾತವಾದುದನ್ನು ಪತ್ರಿಕೆಗಳು ವರದಿ ಮಾಡಿದುವು.

ಕೊನೆಯದಾಗಿ ಶಸ್ತ್ರಚಿಕಿತ್ಸೆ. ಬರೀ ಕತ್ತಿನ ನೋವಿಗೆ ಇದು ಬಹುಮಟ್ಟಿಗೆ ಬೇಕಾಗುವುದಿಲ್ಲ. ನರ ಒತ್ತಿ ತೋಳಿಗೆ ನೋವು ಹರಿದಾಗಲೂ ಆತುರ ಬೇಡ. ಅಮೆರಿಕದ ರಾಚೆಸ್ಟರಿನಲ್ಲಿ 1976ರಿಂದ 1990ರವರೆಗೆ ಇಂತಹ 561 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದರು. ಅವರಲ್ಲಿ ಸುಮಾರು ಕಾಲುಭಾಗಕ್ಕೆ ಮಾತ್ರ ಶಸ್ತ್ರಚಿಕಿತ್ಸೆಯಾಯಿತು; ಕೊನೆಯ ಬಾರಿ ನೋಡಿದಾಗ ನೂರಕ್ಕೆ ತೊಂಬತ್ತು ಮಂದಿಗೆ ತೊಂದರೆಯೇ ಇರಲಿಲ್ಲ ಅಥವಾ ಅಲ್ಪವಾಗಿತ್ತು. ಆರು ವಾರದಿಂದ ಮೂರು ತಿಂಗಳು ಕಾದರೂ ತೋಳಿನ ನೋವು ತಗ್ಗದಿದ್ದರೆ, ಅಥವಾ ಕೈಯ ಬಲ ಕುಗ್ಗುತ್ತಾ ಹೋದರೆ ಶಸ್ತ್ರವೈದ್ಯರ ಮಾತು ಕೇಳಬೇಕು. ಬೆನ್ನೆಲುಬಿನ ಬಳಿ ಕೊಡುವ ಸ್ಟಿರಾಯ್ಡ್ ಚುಚ್ಚುಮದ್ದು ಕೆಲವರಿಗೆ ಕೆಲವು ವಾರಗಳ ಉಪಶಮನ ಕೊಡುತ್ತದೆ. ಕತ್ತಿನಲ್ಲಿ ಅದರ ಅಪಾಯ ಸೊಂಟಕ್ಕಿಂತ ಹೆಚ್ಚು.

ಮಿದುಳುಬಳ್ಳಿಯೇ ಒತ್ತಿದ್ದರೆ ಲೆಕ್ಕವೇ ಬೇರೆ. ಅಲ್ಲಿ ಕಾಯುವುದರಲ್ಲಿಯೇ ನಷ್ಟ. ಅಲ್ಲಿ ಶಸ್ತ್ರಚಿಕಿತ್ಸೆಯ ಮೊದಲ ಗುರಿ ಇನ್ನೂ ಕೆಡದಂತೆ ತಡೆಯುವುದು. ಕಳೆದುಹೋದ ಬೆರಳಿನ ಚುರುಕು ಪೂರ್ತಿ ಮರಳುವುದೆಂಬ ಭರವಸೆಯಿಲ್ಲ. ಆದುದರಿಂದ ಒಪ್ಪಿಗೆಯ ಕಾಗದಕ್ಕೆ ರುಜು ಹಾಕುವ ಮೊದಲು ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳಿವೆ. ನನಗೆ ಒತ್ತಿರುವುದು ನರವೋ ಮಿದುಳುಬಳ್ಳಿಯೋ? ಎಷ್ಟು ಮಣಿಗಳನ್ನು ಬೆಸೆಯುತ್ತೀರಿ? ಶಸ್ತ್ರಚಿಕಿತ್ಸೆ ಬೇಡವೆಂದರೆ ಮುಂದಿನ ವರ್ಷ ನನ್ನ ಕೈಕಾಲು ಹೇಗಿದ್ದೀತು? ಉತ್ತರ ತೃಪ್ತಿಕರವಾಗಿ ತೋರದಿದ್ದರೆ ಚಿತ್ರಗಳನ್ನೂ ನುಂಗುತ್ತಿರುವ ಮಾತ್ರೆಗಳ ಪಟ್ಟಿಯನ್ನೂ ಹಿಡಿದು, ಮಿದುಳುಬಳ್ಳಿಯ ಲಕ್ಷಣಗಳಿದ್ದರೆ ಅದೇ ವಾರದಲ್ಲಿ, ಇನ್ನೊಬ್ಬ ತಜ್ಞರನ್ನು ಕಾಣಬಹುದು.