ಕಾಲು ಅಂಗುಲದ ವ್ಯವಹಾರ

ಅಮೆರಿಕದ ರಿವಾಲ್ವರ್ ಪ್ರಿಯರಿಗೆ ನಾಲ್ಕು ಅಂಗುಲದ ನಳಿಗೆಯ ಮೇಲಿರುವ ಮೋಹ ಕೇವಲ ಗೀಳಲ್ಲ. ಎರಡು ಅಂಗುಲದ್ದು ಜೇಬಿನಲ್ಲಿ ಅಡಗುತ್ತದೆ, ನಿಜ. ಆದರೆ ಗುರಿ ಹಿಡಿಯುವ ಹಿಂದಿನ ಗೀರಿಗೂ ಮುಂದಿನ ಮೊನೆಗೂ ಅಂತರ ಕಿರಿದಾದ್ದರಿಂದ ಕೈಯ ಅಲ್ಪ ಅಲುಗಾಟವೂ ಗುರಿಹಲಗೆಯ ಮೇಲೆ ದೊಡ್ಡ ತಪ್ಪಾಗುತ್ತದೆ. ಆರು ಅಂಗುಲದ್ದು ಗುರಿಗೆ ಲೇಸು, ಮೂತಿ ಭಾರ. ಗಸ್ತಿನ ಪೊಲೀಸರ ಸೊಂಟಕ್ಕೆ ಒಗ್ಗಿದ್ದು ನಡುವಿನ ಅಳತೆಯೇ. 1980ರ ದಶಕದಿಂದ ಅವರು ಪಿಸ್ತೂಲಿಗೆ ಹೊರಳತೊಡಗಿದ ಮೇಲೆ ಸ್ಮಿತ್ ಆ್ಯಂಡ್ ವೆಸನ್ ಮಾಡೆಲ್ 19ರಂಥ ರಿವಾಲ್ವರ್‌ಗಳು ಸಂಗ್ರಾಹಕರ ಕಪಾಟು ಸೇರಿದವು.

1955ರಲ್ಲಿ ಬಂದ ಕೋಲ್ಟ್ ಪೈಥಾನ್ ತಯಾರಿಕೆ 2005ರಲ್ಲಿ ನಿಂತಾಗ ಹಳೆಯವುಗಳ ಬೆಲೆ ಗಗನಕ್ಕೇರಿತು. ಅರ್ಥಶಾಸ್ತ್ರ ಓದಿದವನಿಗೆ ಇದೇನೂ ಅಚ್ಚರಿಯಲ್ಲ. ನನ್ನ ಕುತೂಹಲ ಬೇರೆ: 2020ರಲ್ಲಿ ಅದು ಮರಳಿದಾಗ ಗಿಡ್ಡ ಮಾದರಿಯ ನಳಿಗೆ ನಾಲ್ಕಲ್ಲ, ನಾಲ್ಕೂಕಾಲು ಅಂಗುಲ.

ಆ ಕಾಲು ಅಂಗುಲಕ್ಕೆ ನೆರೆಯ ಕೆನಡಾದಲ್ಲಿ ಬಹಳ ಬೆಲೆಯಿತ್ತು. ಅಲ್ಲಿಯ 1995ರ ಕಾಯಿದೆ 105 ಮಿ.ಮೀ. ಮೀರದ ನಳಿಗೆಯ ರಿವಾಲ್ವರ್, ಪಿಸ್ತೂಲುಗಳನ್ನು ನಿಷೇಧಿತ ವರ್ಗಕ್ಕೆ ಸೇರಿಸಿತು. ನಾಲ್ಕು ಅಂಗುಲವೆಂದರೆ ಸುಮಾರು 102 ಮಿ.ಮೀ.; ನಾಲ್ಕೂಕಾಲು, 108. ಆರು ಮಿಲಿಮೀಟರ್ ಬೆಳೆದ ಮಾತ್ರಕ್ಕೆ ಆಯುಧವನ್ನು ಬಚ್ಚಿಡುವುದು ಎಷ್ಟು ಕಷ್ಟವಾದೀತು?

ಪರವಾನಗಿ ಕಡತಗಳನ್ನು ವರ್ಷಗಟ್ಟಲೆ ತಿರುವಿಹಾಕಿದ ನನಗೆ ನಮ್ಮ ಎಣಿಕೆಯ ಪದ್ಧತಿಯೇ ವಾಸಿ ಎನಿಸುತ್ತದೆ. 2019ರ ತಿದ್ದುಪಡಿ ಒಬ್ಬರು ಹೊಂದಬಹುದಾದ ಬಂದೂಕುಗಳ ಮಿತಿಯನ್ನು ಮೂರರಿಂದ ಎರಡಕ್ಕಿಳಿಸಿತು. ಸಂಗ್ರಹದ ಹವ್ಯಾಸಕ್ಕೆ ಅದು ಕುತ್ತೇ ಸರಿ. ಆದರೆ ಎರಡನ್ನು ಎರಡೂಕಾಲು ಮಾಡಲು ಯಾವ ಕಾರ್ಖಾನೆಗೂ ಸಾಧ್ಯವಿಲ್ಲ. ಕೆನಡಾ 2022ರ ಅಕ್ಟೋಬರ್‌ನಲ್ಲಿ, ಅಳತೆಯ ಗೊಡವೆ ಬಿಟ್ಟು, ಸಾರ್ವಜನಿಕರ ನಡುವೆ ಇವುಗಳ ಮಾರಾಟವನ್ನೇ ಬಹುಮಟ್ಟಿಗೆ ತಡೆಯಿತು.