ಹಳೆಯ ಗಾಡಿಗೆ ಗುಜರಿಯ ಹೆಡರ್

ಸಂತೆಗೆ ತರಕಾರಿ ಹೊರುವ ನಮ್ಮ ಹಳೆಯ ಪಿಕಪ್ ಗಾಡಿಗೆ ಗುಜರಿಯಿಂದ ತಂದ ಹೆಡರ್ ಕೂಡಿಸಿದೆವು. ಇಂಜಿನ್ನಿನ ಹೊಗೆಯನ್ನು ಸೈಲೆನ್ಸರಿಗೆ ಸಾಗಿಸುವ ಕೊಳವೆಗಳ ಜೋಡಣೆಯೇ ಹೆಡರ್.

ಅದು ಅದೇ ಜಾತಿಯ ಇಂಜಿನ್ನಿನದಾಗಿರಬೇಕು, ಬೆಸುಗೆಯಲ್ಲಿ ಬಿರುಕಿರಬಾರದು. ಇಂಜಿನ್ನಿಗೆ ಕೂರುವ ಪಟ್ಟಿಯ ಮೇಲೆ ಉಕ್ಕಿನ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ನೋಡಿರಿ. ಕೆಳಗೆ ಬೆಳಕು ಕಂಡರೆ ಪಟ್ಟಿ ಸೊಟ್ಟಗಾಗಿದೆ. ಲೇತಿನವರಲ್ಲಿ ಸಮ ಮಾಡಿಸತಕ್ಕದ್ದು.

ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿರಿ. ಅವಸರಪಟ್ಟು ನಾವು ಒಂದು ಸ್ಟಡ್ ಮುರಿದುಕೊಂಡೆವು. ಗ್ಯಾಸ್ಕೆಟ್ ಮಾತ್ರ ಹೊಸದೇ ಇರಲಿ. ನಟ್ಟುಗಳನ್ನು ನಡುವಿನಿಂದ ತುದಿಗಳತ್ತ ಸ್ವಲ್ಪಸ್ವಲ್ಪವಾಗಿ ಬಿಗಿ ಮಾಡಿ, ಇಂಜಿನ್ ಒಮ್ಮೆ ಕಾದು ಆರಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಿರಿ.

ಟಪಟಪ ಸದ್ದು ಬಂದರೆ ಹೊಗೆ ಸೋರುತ್ತಿದೆಯೆಂದೇ ತಿಳಿಯಿರಿ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಚಾಲಕನ ಕೋಣೆಗೆ ನುಗ್ಗಿದರೆ ತಲೆನೋವು, ಮಂಪರು, ಕಡೆಗೆ ಪ್ರಾಣಕ್ಕೇ ಸಂಚಕಾರ. ಹೆಡರಿನಲ್ಲಿ ಹಣ ಉಳಿಸೋಣ, ಗ್ಯಾಸ್ಕೆಟ್ಟಿನಲ್ಲಿ ಬೇಡ.